ನೀರ್ ಸಾಬ್: ಬೋರಿಂಗೂ ಅವರದೇ, ಕಾಯ್ದೆಯೂ ಅವರದೇ

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಮಾಜಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಸುತ್ತಲೇ ಇದ್ದವು. ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಬೋರ್‌ವೆಲ್ ಕೊರೆಸುವುದು ಯಾವ ಸರ್ಕಾರವಾದರೂ ಮಾಡುವ ಕೆಲಸ. ಇವರೊಬ್ಬರಿಗೇ ‘ನೀರ್ ಸಾಬ್’ ಎಂಬ ಹೆಸರು ಅಂಟಿದ್ದೇಕೆ? (ಓದುಗರು, ಲಿಂಗಸುಗೂರು)

ಗುಂಡ್ಲುಪೇಟೆಯವರಾದ ನಜೀರ್ ಸಾಬ್ 1983ರಲ್ಲಿ ರಾಮಕೃಷ್ಣ ಹೆಗಡೆ ಅವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ವಹಿಸಿಕೊಂಡರು. ಬರದ ವರ್ಷಗಳು ಅವು. ಕುಡಿಯುವ ನೀರಿನ ಬೋರ್‌ವೆಲ್ಲು ದೊಡ್ಡ ಊರುಗಳನ್ನು ದಾಟಿ ಹಟ್ಟಿ, ಕೇರಿ, ತಾಂಡಾಗಳವರೆಗೆ ಹೋದದ್ದು ಆಗಲೇ. ಹೆಸರು ಜನರ ಬಾಯಲ್ಲಿ ನಿಂತದ್ದು ಅದರಿಂದ.

ಅದರ ಬೆಲೆ ತಿಳಿಯಬೇಕಾದರೆ ನಿಮ್ಮ ರಾಯಚೂರು ಸೀಮೆಯ ನಾರುಹುಣ್ಣನ್ನು, ಅಂದರೆ ಮೈಯೊಳಗೆ ಬೆಳೆದ ನಾರಿನಂಥ ಹುಳು ಹುಣ್ಣಿನಿಂದ ಹೊರಬರುವ ರೋಗವನ್ನು, ನೆನೆಯಿರಿ. ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುವವರ ಕಾಲಲ್ಲಿ ಹುಣ್ಣಿದ್ದರೆ, ನೀರು ತಾಗಿದ ಕೂಡಲೇ ಹುಳು ಸಾವಿರಾರು ಮರಿಗಳನ್ನು ಬಾವಿಗೆ ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟ ಆ ಮರಿಗಳನ್ನು ನುಂಗುತ್ತದೆ. ಅದೇ ನೀರು ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ನಂತರ ಮತ್ತೊಂದು ಹುಳು ಹೊರಬರುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ, ವಾಸಿಮಾಡುವ ಔಷಧಿಯೂ ಇಲ್ಲ. ಕೈಪಂಪಿನ ನೀರಿಗೆ ಯಾರೂ ಕಾಲಿಡಲಾರರು, ಸರಪಳಿ ಅಲ್ಲಿಗೇ ತುಂಡಾಗುತ್ತದೆ. ನಾರುಹುಣ್ಣಿನಿಂದ ದೇಶ ಮುಕ್ತವಾಗಿದೆ ಎಂಬ ಪ್ರಮಾಣಪತ್ರ 2000ದಲ್ಲಿ ಸಿಕ್ಕಿತು. ಸೋಸಿ ಕುಡಿಯುವ ರೂಢಿ, ಬಾವಿಗೆ ಹಾಕಿದ ಔಷಧಿ, ಆರೋಗ್ಯ ಕಾರ್ಯಕರ್ತರ ತಿರುಗಾಟ ಎಲ್ಲವೂ ಇದರಲ್ಲಿ ಸೇರಿವೆ. ಕೈಪಂಪಿನ ಪಾಲೂ ಸಣ್ಣದಲ್ಲ.

ಪ್ರಶ್ನೆ: ಆ ಕಾಲದ ಬೋರಿಂಗು ನಮ್ಮ ಶಾಲೆಯ ಹತ್ತಿರ ಇನ್ನೂ ಇದೆ. ಬಹಳ ಹೊತ್ತು ಹೊಡೆದರೆ ಮಾತ್ರ ನೀರು. ಪಂಪು ಕೆಟ್ಟಿದೆಯೋ, ನೀರೇ ಬತ್ತಿದೆಯೋ? (ಓದುಗರು, ಶಿರಾ)

ಅದು ಬಹುಶಃ ಇಂಡಿಯಾ ಮಾರ್ಕ್–2 ಎಂಬ ಕೈಪಂಪು. ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿ. ನೀರು ಬರುವವರೆಗೆ ಹೊಡೆದು ಅರ್ಧ ಗಂಟೆ ಬಿಡಿ, ಮತ್ತೆ ಹೊಡೆಯಿರಿ. ನೀರು ಬರಲು ಐದಕ್ಕಿಂತ ಹೆಚ್ಚು ಸಲ ಹೊಡೆಯಬೇಕಾದರೆ ತಳದ ವಾಲ್ವ್ ಅಥವಾ ಪೈಪಿನ ಜೋಡಣೆ ಸೋರುತ್ತಿದೆ. ಆಮೇಲೆ, ಧಾರೆ ಕಟ್ಟಿದ ಮೇಲೆ, ಒಂದು ನಿಮಿಷದಲ್ಲಿ 40 ಸಲ ಹೊಡೆದು ಬಕೆಟ್ ಹಿಡಿಯಿರಿ. ಸುಸ್ಥಿತಿಯ ಪಂಪು ಸುಮಾರು 12 ಲೀಟರ್ ಕೊಡಬೇಕು. 10ಕ್ಕಿಂತ ಕಡಿಮೆಯಾದರೆ ಸಿಲಿಂಡರಿನೊಳಗಿನ ವಾಷರ್ ಸವೆದಿದೆ. ಮೊದಲು ಚೆನ್ನಾಗಿ ಬಂದು, ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬರುತ್ತಿದ್ದರೆ ಪಂಪಿನ ತಪ್ಪಲ್ಲ, ನೀರಿನ ಮಟ್ಟ ಇಳಿದಿದೆ. ಹಿಡಿ ಹಗುರಾಗಿ ಆಡಿ ನೀರೇ ಬಾರದಿದ್ದರೆ ಒಳಗಿನ ರಾಡ್ ಕಳಚಿದೆ.

ನಿಮ್ಮ ವಿವರಣೆ ನೋಡಿದರೆ ತಳದ ವಾಲ್ವ್ ಮೇಲೇ ಅನುಮಾನ. ಅಗ್ಗದ ಸಾಮಾನು, ಆದರೆ ಅದನ್ನು ಮುಟ್ಟಬೇಕಾದರೆ 3 ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಒಂದೊಂದಾಗಿ ಎತ್ತಬೇಕು. 30 ಮೀಟರಿಗೆ ಹತ್ತು ಪೈಪು, ಒಳಗೆ ಅಷ್ಟೇ ರಾಡು. ಪೈಪ್ ಹಿಡಿಯುವ ಕ್ಲಾಂಪ್ ಇಲ್ಲದೆ ಕೈಹಾಕಬೇಡಿ, ಜಾರಿದರೆ ಇಡೀ ಸಾಲು ಬೋರಿನ ತಳ ಸೇರುತ್ತದೆ. ರಿಪೇರಿಯಾದ ಮೇಲೆ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕುಡಿಸಬೇಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಪಾತ್ರೆ ತೊಳೆಯಲಷ್ಟೇ.

ಪ್ರಶ್ನೆ: ಅವರು ತಂದ ಮಂಡಲ ಪಂಚಾಯಿತಿಗೂ ಈಗಿನ ಗ್ರಾಮ ಪಂಚಾಯಿತಿಗೂ ಏನು ವ್ಯತ್ಯಾಸ? ಅದನ್ನು ತೆಗೆದದ್ದೇಕೆ? (ಓದುಗರು, ಸಾಗರ)

ನಜೀರ್ ಸಾಬ್ ತಂದ 1983ರ ಹೆಸರಿನ ಪಂಚಾಯಿತಿ ಕಾಯ್ದೆಯಲ್ಲಿ ಮಂಡಲವೆಂದರೆ 8,000ದಿಂದ 12,000 ಜನಸಂಖ್ಯೆಯ ಹಳ್ಳಿಗಳ ಗುಂಪು. ನಿಮ್ಮಂಥ ಮಲೆನಾಡಿಗೆ ಇದರಲ್ಲಿ ರಿಯಾಯಿತಿ ಇತ್ತು. ಅದರ ಮುಖ್ಯಸ್ಥರು ‘ಪ್ರಧಾನ’. ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿತ್ತು. ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಪಾಲು ಎಂದು ಹೇಳುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು.

ನಮ್ಮ ಅಭಿಪ್ರಾಯದಲ್ಲಿ ಆ ಕಾಯ್ದೆಯ ನಿಜವಾದ ಗಟ್ಟಿತನ ಇದ್ದದ್ದು ಜಿಲ್ಲೆಯಲ್ಲಿ. ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ‘ಮುಖ್ಯ ಕಾರ್ಯದರ್ಶಿ’ ಎಂಬ ಐಎಎಸ್ ಅಧಿಕಾರಿ, ಅದೂ ಜಿಲ್ಲಾಧಿಕಾರಿಗಿಂತ ಹಿರಿಯರು. ಡೀಸಿ ಸಾಹೇಬರೇ ಜಿಲ್ಲೆಗೆ ದೊರೆ ಎಂದು ನಂಬಿದ್ದ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ತಾಲ್ಲೂಕು ಮಟ್ಟ ಮಾತ್ರ ಸಪ್ಪೆ: ಪಂಚಾಯಿತಿ ಸಮಿತಿಗೆ ನೇರ ಚುನಾವಣೆಯಿಲ್ಲ, ಶಾಸಕರೇ ಅಧ್ಯಕ್ಷರು. ಶಾಸಕರನ್ನು ಸಮಾಧಾನಪಡಿಸಲು ತೆತ್ತ ಬೆಲೆ ಎಂದೇ ನಾವು ಓದುತ್ತೇವೆ. ಹಳ್ಳಿಯ ಸಣ್ಣಪುಟ್ಟ ವ್ಯಾಜ್ಯ ತೀರಿಸಬೇಕಿದ್ದ ನ್ಯಾಯ ಪಂಚಾಯಿತಿಯಂತೂ ಕಾಗದದಲ್ಲೇ ಉಳಿಯಿತು.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮರುವರ್ಷವೇ ನಜೀರ್ ಸಾಬ್ ಕ್ಯಾನ್ಸರಿಗೆ ಬಲಿಯಾದರು. 1992ರಲ್ಲಿ ಅವಧಿ ಮುಗಿದಾಗ, ಆಗಿನ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. 73ನೇ ತಿದ್ದುಪಡಿಗೆ ತಕ್ಕಂತೆ ಬಂದ 1993ರ ಹೊಸ ಕಾಯ್ದೆಯಲ್ಲಿ ಪ್ರಧಾನ ಹೋಗಿ ಅಧ್ಯಕ್ಷ ಬಂದರು, ಪಂಚಾಯಿತಿ 5,000ದಿಂದ 7,000 ಜನಸಂಖ್ಯೆಗೆ ಇಳಿಯಿತು, ತಾಲ್ಲೂಕಿಗೂ ನೇರ ಚುನಾವಣೆ ಬಂತು. ಜಿಲ್ಲೆಯ ಮುಖ್ಯ ಕಾರ್ಯದರ್ಶಿ ‘ಮುಖ್ಯ ಕಾರ್ಯನಿರ್ವಹಣಾಧಿಕಾರಿ’ಯಾದರು. ನೀವು ಈಗ ಸಿಇಒ ಎನ್ನುತ್ತೀರಲ್ಲ, ಅವರೇ.

ಪ್ರಶ್ನೆ: ಪಿಎಚ್‌.ಡಿ.ಗೆ ಅವರ ಮೂಲ ಕಾಯ್ದೆ ಬೇಕು. 1983ರ ಕಾಯ್ದೆಗಳ ಸಂಪುಟದಲ್ಲಿ ಹುಡುಕಿದರೂ ಸಿಗುತ್ತಿಲ್ಲ. (ಓದುಗರು, ಧಾರವಾಡ)

ಸಿಗುವುದಿಲ್ಲ. ಹೆಸರಿನಲ್ಲಿ 1983 ಇದ್ದರೂ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ. ಹಾಗಾಗಿ ಅದು 1985ರ ಕರ್ನಾಟಕ ಅಧಿನಿಯಮ 20. 1985ರ ಸಂಪುಟ ತೆಗೆಸಿ. ‘ಪಂಚಾಯತ್ ರಾಜ್ ಕಾಯ್ದೆ’ ಎಂದು ಕೇಳಿದರೆ 1993ರದ್ದನ್ನು ಕೊಟ್ಟು ಕಳಿಸುತ್ತಾರೆ. ‘ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯಿತಿ ಸಮಿತಿಗಳು, ಮಂಡಲ ಪಂಚಾಯಿತಿಗಳು ಮತ್ತು ನ್ಯಾಯ ಪಂಚಾಯಿತಿಗಳು’ ಎಂದು ಪೂರ್ತಿ ಬರೆದುಕೊಡಿ. ಸದನದ ಚರ್ಚೆ ಬೇಕಿದ್ದರೆ ಮಾತ್ರ 1983ಕ್ಕೆ ಹಿಂದಿರುಗಿ. ವಿಧಾನಸಭೆ, ವಿಧಾನ ಪರಿಷತ್ತುಗಳ ನಡವಳಿಗಳು ಬೇರೆ ಬೇರೆ, ಎರಡನ್ನೂ ತೆಗೆಸಬೇಕು. ಮೈಸೂರಿನಲ್ಲಿ ಅವರ ಹೆಸರಿನದೇ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ, ಅಲ್ಲೂ ಒಮ್ಮೆ ವಿಚಾರಿಸಿ.