ಎಪಿಎ ಅಂದ್ರೆ ಏನು? ದಿನಕ್ಕೆ ಎಷ್ಟು ದ್ವೀಪ?

ಪ್ರಶ್ನೆ: ಮನೆಯವರು ಹತ್ತು ಜನ ಸೇರಿ ಒಂದು ವಾರ ಸಿಬ್ಬಂದಿ ಸಮೇತ ಮೋಟಾರ್ ಯಾಟ್ (ಎಂಜಿನ್ ಇರುವ ವಿಹಾರ ನೌಕೆ) ಬಾಡಿಗೆಗೆ ಹಿಡಿದು ದ್ವೀಪಗಳನ್ನು ಸುತ್ತಬೇಕು ಅಂತಿದ್ದೇವೆ. ಬಾಡಿಗೆ ಅಲ್ಲದೆ ಅದರ ಶೇ. 30ರಷ್ಟು ‘ಎಪಿಎ’ ಕೊಡಿ ಅನ್ನುತ್ತಾರೆ. ಇದು ಮೋಸವೇ? ದಿನಕ್ಕೆ ಮೂರು ದ್ವೀಪ ನೋಡಬಹುದೇ? ಅಪ್ಪನಿಗೆ ಓಲಾಟ ಆಗಿಬರುವುದಿಲ್ಲ.

ಉತ್ತರ: ಮೋಸ ಅಲ್ಲ, ಗಾಬರಿ ಬೇಡ. ಸಾಮಾನ್ಯವಾಗಿ ಬಾಡಿಗೆಯಲ್ಲಿ ಬರುವುದು ಯಾಟ್, ಸಿಬ್ಬಂದಿಯ ಸಂಬಳ, ಯಾಟಿನ ವಿಮೆ ಮಾತ್ರ. ಡೀಸೆಲ್, ಊಟ, ಬಂದರು ಶುಲ್ಕ ನಿಮ್ಮದು. ಅದಕ್ಕೆ ಅಂತ ಮೊದಲೇ ಕ್ಯಾಪ್ಟನ್ ಕೈಗೆ ಸೇರುವ ದುಡ್ಡೇ ಎಪಿಎ (ಅಡ್ವಾನ್ಸ್ ಪ್ರಾವಿಷನಿಂಗ್ ಅಲೋವೆನ್ಸ್). ಮೋಟಾರ್ ಯಾಟ್‌ಗೆ ಶೇ. 25ರಿಂದ 35 ಕೇಳುವುದು ರೂಢಿ. ಕೊನೆಯಲ್ಲಿ ರಸೀದಿ ಸಮೇತ ಲೆಕ್ಕ ಕೊಡುತ್ತಾರೆ. ಉಳಿದರೆ ವಾಪಸ್, ಸಾಲದಿದ್ದರೆ ನೀವು ತುಂಬಬೇಕು. ವಾರದ ಮಧ್ಯದಲ್ಲೇ ಒಮ್ಮೆ ಲೆಕ್ಕ ಕೇಳಿ, ಯಾವ ಕ್ಯಾಪ್ಟನ್ನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ದುಡ್ಡು ಕರಗುವುದು ಜಾಸ್ತಿ ಡೀಸೆಲ್‌ಗೇ. ನಾನು ಯಾಟ್‌ಗಳ ಎಂಜಿನ್ ಕೋಣೆಯಲ್ಲಿ ದುಡಿದವನು. 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ವೇಗದಲ್ಲಿ ಎಂಜಿನ್ ಹಾಯಾಗಿ ಗುನುಗುತ್ತಿರುತ್ತದೆ. ಅದನ್ನೇ 20 ನಾಟ್‌ಗೆ ಏರಿಸಿದಿರೋ, ಗಂಟೆಗೆ ಕುಡಿಯುವ ಡೀಸೆಲ್ ನಾಲ್ಕು ಪಟ್ಟಾದರೂ ಆಶ್ಚರ್ಯವಿಲ್ಲ. ಲಂಗರು ಹಾಕಿ ಮಲಗಿದರೂ ಎ.ಸಿ.ಗಾಗಿ ಜನರೇಟರ್ ಓಡುತ್ತಲೇ ಇರುತ್ತದೆ. ಹಾಗಾಗಿ ‘ನಿಧಾನ ವೇಗದಲ್ಲಿ ಗಂಟೆಗೆ ಎಷ್ಟು ಲೀಟರ್, ಜನರೇಟರ್‌ಗೆ ಎಷ್ಟು’ ಅಂತ ಬರಹದಲ್ಲೇ ಕೇಳಿ ಪಡೆಯಿರಿ.

ದಿನಕ್ಕೆ ಮೂರು ದ್ವೀಪ ದಯವಿಟ್ಟು ಬೇಡ. ಹೆಚ್ಚು ಬಳಕೆಯಲ್ಲಿರುವ ‘ಮೈಬಾ’ (ಯಾಟ್ ದಲ್ಲಾಳಿಗಳ ಸಂಘ) ಬಾಡಿಗೆ ಒಪ್ಪಂದದಲ್ಲೇ ಓಡಾಟ ದಿನಕ್ಕೆ ಸರಾಸರಿ 4 ಗಂಟೆ ಅಂತಿದೆ. ಬೆಳಿಗ್ಗೆ ಬೇಗ ಹೊರಡಿ. ಎಷ್ಟೋ ಕರಾವಳಿಗಳಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏರುತ್ತದೆ. ಅಷ್ಟರಲ್ಲಿ ದ್ವೀಪದ ಮರೆಯಲ್ಲಿ ಲಂಗರು ಬಿದ್ದಿರಬೇಕು. ಹವಾಮಾನ ನೋಡಿ ಕ್ಯಾಪ್ಟನ್ ‘ಇವತ್ತು ಬೇಡ’ ಅಂದರೆ ಅದೇ ಕೊನೆಯ ಮಾತು, ವಾದ ಮಾಡಬೇಡಿ.

ಇನ್ನು ನಿಮ್ಮ ಅಪ್ಪನ ವಿಷಯ. ನನಗೆ ಇದೇ ಮುಖ್ಯ. ಓಲಾಟ ತಗ್ಗಿಸುವ ‘ಸ್ಟೆಬಿಲೈಸರ್ ಇದೆ’ ಅಂದಷ್ಟಕ್ಕೆ ಒಪ್ಪಬೇಡಿ. ಕೆಲವು ಸ್ಟೆಬಿಲೈಸರ್‌ಗಳು ಯಾಟ್ ಚಲಿಸುವಾಗ ಮಾತ್ರ ಕೆಲಸ ಮಾಡುತ್ತವೆ. ನಿಂತಾಗಲೂ ಮಾಡುತ್ತದಾ, ರಾತ್ರಿಯಿಡೀ ಹಾಕಿಡುತ್ತಾರಾ ಅಂತ ಕೇಳಿ. ಅಪ್ಪನಿಗೆ ನಡುಭಾಗದ, ಕೆಳ ಡೆಕ್ಕಿನ ಕ್ಯಾಬಿನ್ ಕೊಡಿ. ಮುಂಭಾಗದ ಕ್ಯಾಬಿನ್ ನೋಡಲು ಚೆಂದ, ಆದರೆ ಎತ್ತಿ ಹಾಕುವುದು ಅಲ್ಲೇ ಜಾಸ್ತಿ. ಹೊರಡುವ ಮುಂಚೆ ನಿಮ್ಮ ಇಷ್ಟಾನಿಷ್ಟ ಬರೆಯಲು ಒಂದು ಫಾರ್ಮ್ ಕಳಿಸುತ್ತಾರೆ. ಅಪ್ಪನ ಮಾತ್ರೆ, ಪಥ್ಯ, ಮೆಟ್ಟಿಲು ಹತ್ತಲು ಕಷ್ಟವಾ ಅನ್ನುವುದನ್ನೆಲ್ಲ ಅದರಲ್ಲಿ ಬಿಡದೆ ಬರೆಯಿರಿ.