ಫಾಸ್ಫೇಟ್ ಅಂಟಿದರೆ ಟ್ರಾನ್ಸ್‌ಪೋರ್ಟರ್ ಚುರುಕಾಗಲೇಬೇಕೆ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಕೈನೇಸ್ ಎಂಬ ಕಿಣ್ವ ಬಂದು ಫಾಸ್ಫೇಟ್ ಅಂಟಿಸಿದರೆ ಟ್ರಾನ್ಸ್‌ಪೋರ್ಟರ್ (ಕೋಶದ ಪೊರೆಯಲ್ಲಿ ವಸ್ತುಗಳನ್ನು ಸಾಗಿಸುವ ಪ್ರೋಟೀನ್) ಚುರುಕಾಗುತ್ತದೆ ಎಂದು ನನ್ನ ನೋಟ್ಸ್‌ನಲ್ಲಿದೆ. ಕಣ್ಣಿನ ರೆಟಿನಾದ ನರಕೋಶಗಳಿಗೂ ಇದೇ ನಿಯಮವೇ?

ಉತ್ತರ: ಆ ಸಾಲನ್ನು ಮೊದಲು ಹೊಡೆದುಹಾಕಿ. ಫಾಸ್ಫೇಟ್ ಬರೀ ಚೀಟಿ. ಅದು ಯಾವ ಪ್ರೋಟೀನಿನ ಯಾವ ಜಾಗಕ್ಕೆ ಅಂಟಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕ್ಲೋರೈಡಿನ ಕಥೆ ನೋಡಿ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗಾಬಾ ತನ್ನ ಗ್ರಾಹಿಗೆ ತಾಗಿದಾಗ ಕ್ಲೋರೈಡಿನ ಬಾಗಿಲು ತೆರೆಯುತ್ತದೆ. ಅಯಾನು ಒಳಗೆ ನುಗ್ಗುತ್ತದೋ ಹೊರಗೆ ಹರಿಯುತ್ತದೋ ಎಂಬುದಕ್ಕೆ ಕೋಶದೊಳಗೆ ಮೊದಲೇ ಎಷ್ಟು ಕ್ಲೋರೈಡ್ ಕೂಡಿದೆ ಎಂಬುದು ಮುಖ್ಯ. ತುಂಬುವುದು ಎನ್‌ಕೆಸಿಸಿ1 ಎಂಬ ಟ್ರಾನ್ಸ್‌ಪೋರ್ಟರ್, ಹೊರಹಾಕುವುದು ಕೆಸಿಸಿ2. ಡಬ್ಲ್ಯುಎನ್‌ಕೆ ಎಂಬ ಕೈನೇಸ್ ಸ್ಪಾಕ್ ಎಂಬ ಇನ್ನೊಂದು ಕೈನೇಸನ್ನು ಎಬ್ಬಿಸುತ್ತದೆ. ಸ್ಪಾಕ್ ಎರಡಕ್ಕೂ ಫಾಸ್ಫೇಟ್ ಅಂಟಿಸುತ್ತದೆ: ಎನ್‌ಕೆಸಿಸಿ1 ದುಡಿಯತೊಡಗುತ್ತದೆ, ಕೆಸಿಸಿ2 ಮಂಕಾಗುತ್ತದೆ. ಒಳಗೆ ಕ್ಲೋರೈಡ್ ಏರುತ್ತದೆ. ಸಾಮಾನ್ಯವಾಗಿ ಕೋಶವನ್ನು ಸುಮ್ಮನಾಗಿಸುವ ಗಾಬಾ ಆಗ ಕೆರಳಿಸಲೂಬಹುದು. ರೆಟಿನಾದ ಆನ್ ಬೈಪೋಲಾರ್ ಎಂಬ ನರಕೋಶಗಳ ಡೆಂಡ್ರೈಟ್‌ಗಳಲ್ಲಿ (ಸಂದೇಶ ಪಡೆಯುವ ಕವಲುಗಳಲ್ಲಿ) ಎನ್‌ಕೆಸಿಸಿ1 ಕಂಡುಬಂದಿರುವುದು ಇದೇ ಕಾರಣಕ್ಕೆ ಕುತೂಹಲದ ಸಂಗತಿ.

ಇನ್ನೂ ಮಜಾ ಅಂದರೆ, ಅದೇ ಕೆಸಿಸಿ2ದ 940ನೇ ಅಮೈನೋ ಆಮ್ಲವಾದ ಸೆರೀನ್‌ಗೆ ಪ್ರೋಟೀನ್ ಕೈನೇಸ್ ಸಿ ಎಂಬ ಬೇರೊಂದು ಕೈನೇಸ್ ಫಾಸ್ಫೇಟ್ ಅಂಟಿಸಿದರೆ ಅದು ಪೊರೆಯ ಮೇಲೆ ಗಟ್ಟಿಯಾಗಿ ಉಳಿದು ಹೆಚ್ಚು ಕೆಲಸ ಮಾಡುತ್ತದೆ. ಪ್ರೋಟೀನು ಒಂದೇ, ಜಾಗ ಎರಡು, ಫಲ ತದ್ವಿರುದ್ಧ.

ಪೊರೆಯ ಮೇಲಿನ ಟ್ರಾನ್ಸ್‌ಪೋರ್ಟರ್‌ಗಳ ಎಣಿಕೆಯೂ ಬದಲಾಗುತ್ತದೆ. ನಿಮ್ಮ ಸಮೀಪದ ಆಲಮಟ್ಟಿಯಲ್ಲಿ ಗೇಟುಗಳು 26. ನೀರು ಏರಲಿ, ಇಳಿಯಲಿ, ಅವು 26 ಮಾತ್ರ. ಕೋಶ ಹಾಗಲ್ಲ, ಗೇಟನ್ನೇ ಕಿತ್ತು ಒಳಗಿಟ್ಟುಬಿಡುತ್ತದೆ. ಗಾಬಾವನ್ನು ಮರಳಿ ಹೀರಿಕೊಳ್ಳುವ ಗ್ಯಾಟ್1 ಎಂಬ ಟ್ರಾನ್ಸ್‌ಪೋರ್ಟರ್, ಪ್ರೋಟೀನ್ ಕೈನೇಸ್ ಸಿ ಎಚ್ಚೆತ್ತಾಗ, ಪೊರೆಯಿಂದ ಒಳಸರಿಯುತ್ತದೆ. ಗಾಬಾ ಹೊರಗೆ ಹೆಚ್ಚು ಹೊತ್ತು ಉಳಿಯುತ್ತದೆ. ಹಾಂ, ಈ ಫಾಸ್ಫೇಟ್ ವಿವರಗಳಲ್ಲಿ ಬಹುಪಾಲು ತಿಳಿದದ್ದು ಮಿದುಳಿನ ನರಕೋಶ ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ. ರೆಟಿನಾಕ್ಕೆ ಹಾಗೇ ನಕಲು ಹೊಡೆಯಬೇಡಿ.

ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕದ ಬಗ್ಗೆ ಒಂದೇ ಮಾತು. ಕತ್ತಲಲ್ಲಿ ದ್ಯುತಿಗ್ರಾಹಿಗಳು ಅದನ್ನು ಸುರಿಸುತ್ತಲೇ ಇರುತ್ತವೆ; ಬಹುಪಾಲನ್ನು ಬಾಚಿಕೊಳ್ಳುವುದು ಮ್ಯೂಲರ್ ಕೋಶದ ಗ್ಲಾಸ್ಟ್ ಎಂಬ ಟ್ರಾನ್ಸ್‌ಪೋರ್ಟರ್. ಪ್ರತಿ ಗ್ಲುಟಮೇಟಿನ ಜೊತೆ 3 ಸೋಡಿಯಂ, 1 ಪ್ರೋಟಾನ್ ಒಳಗೆ, 1 ಪೊಟ್ಯಾಸಿಯಂ ಹೊರಗೆ. ಮ್ಯೂಲರ್ ಗ್ಲಿಯಾ ಕೋಶ, ಅಂದರೆ ನರಕೋಶಗಳಿಗೆ ಆಸರೆಯಾಗುವ ಕೋಶ, ನರಕೋಶವಲ್ಲ. ಪರೀಕ್ಷೆಯಲ್ಲಿ ಇದನ್ನು ನರಕೋಶಗಳ ಪಟ್ಟಿಗೆ ಸೇರಿಸಿ ಅಂಕ ಕಳೆದುಕೊಳ್ಳುವವರು ಬಹಳ.