ಪ್ರ: ಕೆರೆತಾರೊ ಯಾವಾಗಲಾದರೂ ಮೆಕ್ಸಿಕೊದ ರಾಜಧಾನಿ ಆಗಿತ್ತಾ?

ಆಗಿತ್ತು, ಅದೂ ಒಂದೇ ಸಲ ಅಲ್ಲ. 1847ರಲ್ಲಿ ಅಮೆರಿಕದ ಸೈನ್ಯ ಮೆಕ್ಸಿಕೊ ನಗರವನ್ನು ಹಿಡಿದಾಗ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಕೆರೆತಾರೊಗೆ ಬಂತು. ದೇಶದ ಹತ್ತಿರಹತ್ತಿರ ಅರ್ಧ ನೆಲ ಬಿಟ್ಟುಕೊಟ್ಟ ಒಪ್ಪಂದಕ್ಕೆ 1848ರ ಮೇ ತಿಂಗಳಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದ್ದು ಇಲ್ಲೇ. 1916ರಲ್ಲಿ ಆಗ ಅಧಿಕಾರದಲ್ಲಿದ್ದ ಕ್ರಾಂತಿ ನಾಯಕ ಕರಾನ್ಸಾ ಮತ್ತೆ ಸರ್ಕಾರವನ್ನು ಇಲ್ಲಿಗೆ ತಂದರು.

ನನಗೆ ಜಾಸ್ತಿ ಕುತೂಹಲ ಅಲ್ಲಿನ ನಾಟಕಶಾಲೆ ಬಗ್ಗೆ. 1867ರಲ್ಲಿ, ಫ್ರೆಂಚರು ಮೆಕ್ಸಿಕೊದ ಪಟ್ಟಕ್ಕೆ ಕೂರಿಸಿದ್ದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ವಿಚಾರಣೆ ನಡೆದದ್ದು ಅಲ್ಲೇ. ಆಸಾಮಿ ಕಾಯಿಲೆ ಅಂತ ಬರಲೇ ಇಲ್ಲ! ಜೂನ್ 19ರಂದು ಊರ ಪಕ್ಕದ ಗುಡ್ಡದಲ್ಲಿ ಗುಂಡಿಕ್ಕಿದರು. ಅದಕ್ಕೆ ಮುಂಚೆ ಸಿಪಾಯಿಗಳ ಕೈಗೆ ಚಿನ್ನದ ನಾಣ್ಯ ಇಟ್ಟು, ಮುಖಕ್ಕೆ ಹೊಡೆಯಬೇಡಿ ಅಂದನಂತೆ. ಅದೇ ನಾಟಕಶಾಲೆಯಲ್ಲಿ 1917ರ ಫೆಬ್ರವರಿ 5ರಂದು ಮೆಕ್ಸಿಕೊದ ಈಗಿನ ಸಂವಿಧಾನ ಹೊರಬಂತು.